ಬಿಳಿ ಕರಡಿಯ ತಾಯಿ ಕಡೆಯವರು

ಕೈ ತೊಳೆದು ಆಗಿತ್ತು. ಆದರೂ ಲಿಂಗರಾಜ್ ಮತ್ತೊಮ್ಮೆ ನಲ್ಲಿ ತಿರುಗಿಸಿ ಬೆರಳ ಸಂದಿಗಳನ್ನು ಒಂದೊಂದಾಗಿ ತಿಕ್ಕಿದ. ಮೂರು ವಾರದಿಂದ ಇದೇ ಆಗಿತ್ತು. ಎಷ್ಟು ತೊಳೆದರೂ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬೆಲ್ಲದ ಅಂಟು ಉಳಿದೇ ಇದೆ ಎನ್ನಿಸುತ್ತಿತ್ತು. ಎರಡನ್ನೂ ಕೂಡಿಸಿ ಬಿಟ್ಟರೆ ಚಟ್ಟೆಂದು ಸದ್ದು ಬಂದ ಹಾಗೆ. ಕಿವಿಯ ಹತ್ತಿರ ತಂದು ಕೇಳಿದರೆ ಏನೂ ಇಲ್ಲ. ಹಾಗೆ ಬೆರಳನ್ನು ಕಿವಿಗೆ ಹಿಡಿದು ನಿಂತದ್ದನ್ನು ಒಳಗಿನಿಂದ ನೋಡಿದ ಹೆಂಡತಿ ಗಂಗಾಂಬಿಕಾ, "ಏನಂತೈತ್ರಿ ಬೆರಳು? ಯಾರ್ದರ ಫೋನು ಬಂದೈತೇನು?" ಎಂದಳು. ಅವನು ಕೈ ಇಳಿಸಿದ. "ಇವತ್ತು ಬಿಳಿ ಕರಡಿ ಉದ್ಘಾಟನಾ ಐತಲ್ಲ, ಬಾಯಿಪಾಠ ಮಾಡಾಕತ್ತಿದ್ದೆ" ಎಂದ. "ಬಾಯಿಪಾಠ ಬಾಯಿಂದ ಮಾಡ್ತಾರ, ನಲ್ಲಿ ಬಿಟ್ಕೊಂಡು ಮಾಡಂಗಿಲ್ಲ. ಟ್ಯಾಂಕು ಅರ್ಧ ಆತು" ಎಂದು ಅವಳು ಒಳಗೆ ಹೋದಳು. ಹೇಳಿಬಿಡಬೇಕಿತ್ತು, ಇವಳಿಗಾದರೂ ಹೇಳಿಬಿಡಬೇಕಿತ್ತು ಎಂದುಕೊಳ್ಳುತ್ತಾ ಅವನು ಟವೆಲಿಗೆ ಕೈ ಒರೆಸಿದ. ಟವೆಲೂ ಅಂಟಿದ ಹಾಗಾಯಿತು.

ಕಮಲಾಪುರದಿಂದ ಗುಡ್ಡದ ಕಡೆ ಹೋಗುವ ರಸ್ತೆಯಲ್ಲಿ ಗಾಡಿಯ ಮೇಲೆ ಕುಳಿತಾಗ ಎದೆಯ ಮೇಲೆ 'ಗೈಡ್' ಎಂದು ಬರೆದ ಹಸಿರು ಟೀ ಶರ್ಟಿಗೆ ಗಾಳಿ ತುಂಬಿ ಅವನು ತನಗಿಂತ ಎರಡು ಪಟ್ಟು ದಪ್ಪಗೆ ಕಾಣುತ್ತಿದ್ದ. ಹನ್ನೊಂದು ವರ್ಷ ಅವನ ಕೆಲಸ ಬೆಲ್ಲ ಮೆತ್ತುವುದಾಗಿತ್ತು. ಬೆಲ್ಲ ಕರಗಿಸಿ, ಅದಕ್ಕಿಷ್ಟು ಜೇನು ಬೆರೆಸಿ, ಬಕೆಟ್ಟಿನಲ್ಲಿ ಹೊತ್ತು ಗುಡ್ಡ ಹತ್ತಿ, ಬಂಡೆಗಳ ಸಂದಿಯಲ್ಲಿ ಕೈಯಿಂದ ಮೆತ್ತಿ ಇಳಿದು ಬರಬೇಕು. ಇಳಿಹೊತ್ತಿಗೆ ಗವಿಯೊಳಗಿಂದ ಕರಡಿಗಳು ಮೈ ಅಲ್ಲಾಡಿಸುತ್ತಾ ಇಳಿದು ಬಂದು ಬಂಡೆ ನೆಕ್ಕುತ್ತವೆ. ಜನ ದೂರದ ಗೋಪುರದಿಂದ ದುರ್ಬೀನು ಹಿಡಿದು ನೋಡಿ ಸಂತೋಷಪಡುತ್ತಾರೆ. ಮಾತು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಾಲ್ಕು ತಿಂಗಳ ಹಿಂದೆ ಅವನನ್ನು ರಸ್ತೆ ಬದಿಯ ಹೊಸ ಕರಡಿ ಮಾಹಿತಿ ಕೇಂದ್ರಕ್ಕೆ ಗೈಡ್ ಮಾಡಿದ್ದರು. ಮಾತು ಬರದೇ ಏನು? ಅವನ ಅಪ್ಪ ಉಚ್ಚೆಂಗಪ್ಪ ಹೆಳವ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ತನ್ನ ಒಕ್ಕಲಿನ ಮನೆಯೆದುರು ನಿಂತು, ಆ ಮನೆಯ ಹನ್ನೆರಡು ತಲೆಮಾರನ್ನು ಇಂಥವನ ಮಗ ಇಂಥವ, ಇಂಥವನಿಗೆ ಇಬ್ಬರು ಹೆಂಡಿರು ಎಂದು ಒಂದೇ ಉಸಿರಿಗೆ ಹಾಡಿ, ಮೊರದ ತುಂಬ ಜೋಳ ಹಾಕಿಸಿಕೊಂಡು ಹೋಗುತ್ತಿದ್ದವನು. ಯಾರ ಮನೆ ಯಾವ ಬೆಡಗು ಎಂದು ಹೇಳುವವನೂ ಅವನೇ. ಒಂದೇ ಬೆಡಗಿನವರು ಅಣ್ಣ ತಂಗಿಯರು, ಅವರೊಳಗೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಹಾಗಾಗಿ ಎಷ್ಟೋ ಮದುವೆಗಳು ಅಪ್ಪನ ನಾಲಗೆಯ ತುದಿಯಲ್ಲಿ ನಿಂತಿರುತ್ತಿದ್ದವು. ಆದರೆ ಅಪ್ಪ ಬರೀ ನಾಲಗೆಯನ್ನು ನಂಬಿದವನಲ್ಲ. ಯಾರಾದರೂ ಬೆಡಗು ಕೇಳಿದರೆ ಗೊತ್ತಿದ್ದರೂ ಸರಿಯೇ, ಮೊದಲು ಕೈ ತೊಳೆದು, ಕೆಂಪು ಬಟ್ಟೆ ಬಿಚ್ಚಿ, ಹೊತ್ತಿಗೆ ತೆಗೆದು, ಬೆರಳಿಟ್ಟು ನೋಡಿಯೇ ಬಾಯಿ ಬಿಡುವುದು. "ಬಾಯಿ ಮರಿತೈತಲೇ ಲಿಂಗ್ಯಾ. ಹೊತ್ತಿಗಿ ಮರಿಯಂಗಿಲ್ಲ." ಸಾಯುವ ಹಿಂದಿನ ವಾರವೂ ಇದನ್ನೇ ಹೇಳಿದ್ದ. ಆಗ ಲಿಂಗರಾಜ್ ಫೋನಿನಲ್ಲಿ ಏನೋ ನೋಡುತ್ತಾ ಹೂಂ ಎಂದಿದ್ದ. ಏನು ನೋಡುತ್ತಿದ್ದೆ ಎಂದು ಈಗ ಎಷ್ಟು ನೆನಪಿಸಿಕೊಂಡರೂ ನೆನಪಾಗುತ್ತಿರಲಿಲ್ಲ. ಬಾಯಿ ಮರೆಯುವುದಿರಲಿ, ಕಣ್ಣೂ ಮರೆಯುತ್ತದೆ.

ಫೋನು. ಆರು ತಿಂಗಳ ಹಿಂದೆ ಅದು ಬಂದಾಗ ಅವನು ಗುಡ್ಡದ ಮೇಲೆ ಮೊಣಕೈವರೆಗೆ ಬೆಲ್ಲದಲ್ಲಿದ್ದ. ಅಂಗಿಯ ಕಿಸೆಯೊಳಗೆ ಅದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕೈಯಲ್ಲಿ ಮುಟ್ಟುವ ಹಾಗಿಲ್ಲ. ಬಗ್ಗಿ ಅದನ್ನು ಬಂಡೆಯ ಮೇಲೆ ಬೀಳಿಸಿ, ಮಂಡಿಯೂರಿ, ಮೂಗಿನ ತುದಿಯಿಂದ ಹಸಿರು ಗುಂಡಿ ಎಳೆದು, ಬಂಡೆಗೆ ಕಿವಿ ಹಚ್ಚಿ ಮಲಗಿದ. ಅತ್ತ ಕಡೆ ಗಾದಿಗನೂರಿನ ಎರ್ರೆಮ್ಮ, ಅಪ್ಪನ ಹಳೆಯ ಒಕ್ಕಲಿನ ಹೆಣ್ಣುಮಗಳು. ಗಂಡ ತೀರಿದ ಮೇಲೆ ಒಬ್ಬಳೇ ನಿಂತು ಹೊಲವನ್ನೂ ಮಗಳನ್ನೂ ದಾರಿಗೆ ತಂದವಳು. "ಹೆಳವಪ್ಪಾ, ನಮ್ಮ ಮನಿ ಹುತ್ತದ ಬೆಡಗು ಹೌದಲ್ಲ? ಕಂಪ್ಲಿ ದುರುಗಣ್ಣನ ಮಗಗ ನಮ್ಮ ಸುಮಾನ ಕೇಳ್ಯಾರ. ಅವರ್ದು ಯಾವ ಬೆಡಗು, ಒಂಚೂರು ಜಲ್ದಿ ನೋಡಿ ಹೇಳು, ಅವರು ನಮ್ಮ ಪಡಸಾಲ್ಯಾಗ ಕುಂತಾರ." ನೋಡಿ ಹೇಳು ಎಂದಿದ್ದಳು. ಹೊತ್ತಿಗೆ ಮನೆಯಲ್ಲಿ, ಟ್ರಂಕಿನಲ್ಲಿ, ಕೈ ಬೆಲ್ಲದಲ್ಲಿ, ಮೇಲಿನ ಗವಿಯಿಂದ ಏನೋ ಉಸಿರು ಬಿಟ್ಟ ಸದ್ದು. ಮನೆಗೆ ಹೋಗಿ ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಹೆಳವನ ಮಗನಾಗಿ ಕರಡಿಗೆ ಬೆಲ್ಲ ಮೆತ್ತುತ್ತಿದ್ದೇನೆ ಎಂದು ಒಕ್ಕಲಿನವಳಿಗೆ ತಿಳಿಯುವುದು ಅವನಿಗೆ ಬೇಕಿರಲಿಲ್ಲ. ಮೇಲಾಗಿ ನೆನಪೂ ಇತ್ತಲ್ಲ, ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಎತ್ತಿನ ಮೇಲೆ ಕುಳಿತು ಕಂಪ್ಲಿಗೆ ಹೋದದ್ದು, ಊರವರೆಲ್ಲ ಆ ಮನೆಯನ್ನು ಹುತ್ತದವರ ಮನಿ ಎಂದು ಕರೆಯುತ್ತಿದ್ದದ್ದು. "ಅವರೂ ಹುತ್ತದವರಽ ಅಮ್ಮಾ. ಅಣ್ಣ ತಂಗಿ ಆಗ್ತಾರ. ಬ್ಯಾಡ" ಎಂದಿದ್ದ. ಹತ್ತು ಸೆಕೆಂಡು ಹಿಡಿದಿರಲಿಕ್ಕಿಲ್ಲ. ಬಂಡೆಯಿಂದ ಕಿವಿ ಎತ್ತುವಾಗ ತನ್ನ ಜ್ಞಾಪಕಶಕ್ತಿಯ ಬಗ್ಗೆ ಅವನಿಗೆ ಹೆಮ್ಮೆಯೂ ಆಗಿತ್ತು. ಕಿವಿಗೂ ಬೆಲ್ಲ ಹತ್ತಿತ್ತು.

ಬಿಳಿ ಕರಡಿ ಬರದೇ ಇದ್ದಿದ್ದರೆ ಆ ಹೆಮ್ಮೆ ಹಾಗೆಯೇ ಉಳಿಯುತ್ತಿತ್ತೋ ಏನೋ. ಕೇಂದ್ರದವರು ಅಂಗಳದಲ್ಲಿ ನಿಲ್ಲಿಸಲು ಒಂದು ಕರಡಿ ಬೊಂಬೆ ಬೇಕೆಂದು ಗಣಿ ಕಂಪನಿಯೊಂದಕ್ಕೆ ಅರ್ಜಿ ಕೊಟ್ಟಿದ್ದರು. ಯಾವ ಕರಡಿ ಎಂದು ಅರ್ಜಿಯಲ್ಲಿ ಬರೆದಿರಲಿಲ್ಲ. ಈ ಸೀಮೆಯಲ್ಲಿ ಕರಡಿ ಎಂದರೆ ಒಂದೇ ಅಲ್ಲವೇ, ಕರ‍್ರಗೆ, ಕೆದರಿದ ಕೂದಲಿನದು. ಲಾರಿಯಿಂದ ಪ್ಲಾಸ್ಟಿಕ್ ಸುತ್ತಿ ಇಳಿಸಿದ್ದನ್ನು ಬಿಚ್ಚಿದರೆ ಒಂಬತ್ತಡಿ ಎತ್ತರದ, ಹಾಲಿನಷ್ಟು ಬೆಳ್ಳಗಿನ ಕರಡಿ ಹಿಂಗಾಲಿನ ಮೇಲೆ ನಿಂತು ಸಂಡೂರಿನ ಗುಡ್ಡದ ಕಡೆ ನೋಡುತ್ತಿತ್ತು. "ಐಸ್‌ಕ್ರೀಮ್ ಅಂಗಡಿ ಇಡ್ತೀರೇನ್ರಿ ಇಲ್ಲಿ?" ಎಂದು ಲಾರಿಯವನು ಕೇಳಿದ. ಕೇಂದ್ರದ ಮೇಲ್ವಿಚಾರಕ ಹನುಮೇಶ್ ಬಿ.ಪಿ. ಮಾತ್ರೆ ನುಂಗಿ ಕುರ್ಚಿ ಹಿಡಿದು ಕುಳಿತ. ಕೊಟ್ಟ ಉಡುಗೊರೆ ವಾಪಸು ಮಾಡಿದರೆ ಮುಂದೆ ಒಂದು ಬೆಂಚನ್ನೂ ಕೊಡುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅವನ ಕಣ್ಣು ಲಿಂಗರಾಜನ ಮೇಲೆ ಬಿತ್ತು. "ಲೇ, ನೀ ಹೆಳವರಾವ ಅದಿಯಲ್ಲ! ಇದಕ್ಕೂ ನಮ್ಮ ಕರಡಿಗೂ ಏನರ ಒಂದು ಸಂಬಂಧ ಇದ್ದಽ ಇರ್ತೈತಿ. ಅತ್ತಿ ಕಡೆಯಿಂದಾರ ಆಗ್ಲಿ, ಮಾವನ ಕಡೆಯಿಂದಾರ ಆಗ್ಲಿ. ಹುಡುಕಿ ತೆಗಿ. ಮಾರ್ಚ್ ಕಡೀ ಭಾನುವಾರ ಉದ್ಘಾಟನಾ."

ಹುಡುಕಿದ. ಏಳನೇ ಇಯತ್ತೆಗೆ ಬಿಟ್ಟ ಶಾಲೆ ಐವತ್ತರ ಹತ್ತಿರ ಮತ್ತೆ ಶುರುವಾದ ಹಾಗಿತ್ತು. ಚಹಾದಂಗಡಿಯ ಹಲಗೆಯ ಮೇಲೆ ಕುಳಿತು ಫೋನಿಗೆ ಮಾತಿನಲ್ಲೇ ಪ್ರಶ್ನೆ ಕೇಳುತ್ತಿದ್ದ. ಅದು ಕೊಟ್ಟ ಇಂಗ್ಲಿಷನ್ನು ಅದರಿಂದಲೇ ಕನ್ನಡ ಮಾಡಿಸುತ್ತಿದ್ದ. ಆ ಕನ್ನಡವನ್ನು ತಾನು ಮತ್ತೊಮ್ಮೆ ಕನ್ನಡ ಮಾಡಿಕೊಳ್ಳುತ್ತಿದ್ದ. ಗೊತ್ತಾದದ್ದು ಇಷ್ಟು: ನಮ್ಮ ಕರಡಿ ಹತ್ತಾರು ಲಕ್ಷ ವರ್ಷಗಳ ಹಿಂದೆಯೇ ಪಾಲು ತೆಗೆದುಕೊಂಡು ಬೇರೆಯಾದ ದೊಡ್ಡಪ್ಪ. ಬಿಳಿ ಕರಡಿಯ ಖಾಸಾ ಸಂಬಂಧ ಇರುವುದು ಕಂದು ಕರಡಿಯೊಂದಿಗೆ. ಒಂದು ಗುಂಪು ಕಂದು ಪೂರ್ವಿಕರ ಜೊತೆಯಿಂದ ಹೊರಟು ಬಡಗಲ ಹಿಮಕ್ಕೆ ಹೋಯಿತು, ಅಲ್ಲಿ ಬೇರು ನಾರು ಬಿಟ್ಟು ಸೀಲೆಂಬ ಪ್ರಾಣಿಯ ಕೊಬ್ಬನ್ನೇ ಊಟ ಮಾಡಿಕೊಂಡಿತು. ಅಷ್ಟು ಕೊಬ್ಬು ತಿಂದರೂ ಅದರ ಎದೆಗೆ ಏನೂ ಆಗುವುದಿಲ್ಲವಂತೆ, ರಕ್ತವೇ ಹಾಗೆ ಒಗ್ಗಿಕೊಂಡಿದೆಯಂತೆ. ಇದನ್ನು ಹೇಳಿದಾಗ ಹನುಮೇಶ್ ಬಹಳ ಹೊತ್ತು ಕರಡಿಯ ಹೊಟ್ಟೆಯನ್ನೇ ನೋಡುತ್ತಾ ನಿಂತ. ಇನ್ನು ಯಾವಾಗ ಬೇರೆಯಾದರು ಎಂಬಲ್ಲಿ ಪಂಡಿತರೊಳಗೇ ದಾಯಾದಿ ಜಗಳ. ಮೊದಲು ಕೆಲವರು ಒಂದೂವರೆ ಲಕ್ಷ ವರ್ಷ ಎಂದರು. ಅಲಾಸ್ಕದ ಪಕ್ಕದ ಮೂರು ದ್ವೀಪಗಳಲ್ಲಿ ಕಂದು ಕರಡಿಗಳಿವೆ; ಆ ಕಂದು ಕರಡಿಗಳ ತಾಯಿ ಬಳ್ಳಿಯೂ ಬಿಳಿ ಕರಡಿಯ ತಾಯಿ ಬಳ್ಳಿಯೂ ಒಂದಕ್ಕೊಂದು ಅಂಟಿಕೊಂಡ ಹಾಗಿತ್ತು; ಹಾಗಾದರೆ ಇವು ನಿನ್ನೆ ಮೊನ್ನೆ ಬೇರೆಯಾದ ಅಣ್ಣ ತಮ್ಮಂದಿರು ಎಂದು ಲೆಕ್ಕ ಕಟ್ಟಿದರು. ಆಮೇಲೆ ತಂದೆ ತಾಯಿ ಇಬ್ಬರ ಕಡೆಯದನ್ನೂ ಪೂರ್ತಿ ಓದಿ ನೋಡಿದರೆ ಕಥೆಯೇ ಬೇರೆ. ಹಿಮ ಕರಗಿದಾಗ ಬಿಳಿ ಕರಡಿಗಳು ಆ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದವು. ಅಲ್ಲಿಗೆ ಕಂದು ಗಂಡುಗಳು ನೀರು ದಾಟಿ ಬಂದವು. ಮಕ್ಕಳು, ಮೊಮ್ಮಕ್ಕಳು ತಂದೆಯ ಕಡೆಗೆ ಹೋಗಿ ಹೋಗಿ ಕಂದಾದವು, ತಾಯಿಯ ಎಳೆಯೊಂದು ಮಾತ್ರ ಹಾಗೇ ಉಳಿಯಿತು. ನಿಜವಾಗಿ ಎರಡು ಕುಲ ಬೇರೆಯಾಗಿ ಐದು ಲಕ್ಷ ವರ್ಷದ ಸುಮಾರಾಯಿತು, ಇನ್ನೂ ಹೆಚ್ಚು ಎನ್ನುವವರೂ ಇದ್ದಾರೆ.

ನೀರು ದಾಟಿ ಬಂದ ಗಂಡು. ಚಹಾ ಬಾಯಲ್ಲೇ ನಿಂತಿತು. ಮನೆ ಅಳಿಯ! ಕಂಪ್ಲಿಯ ಆ ಮನೆಗೂ ಒಬ್ಬ ಮನೆ ಅಳಿಯ ಬಂದಿದ್ದನಲ್ಲ, ತುಂಗಭದ್ರೆಯ ಆಚೆ ದಂಡೆಯಿಂದ, ಹರಿಗೋಲಿನಲ್ಲಿ. ಅಪ್ಪ ಹಾಡುವಾಗ ಅಲ್ಲಿಗೆ ಬಂದರೆ ಹರಿಗೋಲು ತಿರುಗಿದ ಹಾಗೆ ಒಂದು ಸುತ್ತು ತಿರುಗಿ ಮಕ್ಕಳನ್ನು ನಗಿಸುತ್ತಿದ್ದ. ಮೂರು ವಾರದ ಹಿಂದೆ ಆ ಮಟಮಟ ಮಧ್ಯಾಹ್ನ ಅವನು ಮನೆಗೆ ಓಡಿ, ಟ್ರಂಕು ಎಳೆದು, ಕೆಂಪು ಬಟ್ಟೆ ಬಿಚ್ಚಿ ನೋಡಿದ. ಅಪ್ಪನ ದುಂಡಕ್ಷರ ಎಲ್ಲೂ ನಡುಗಿರಲಿಲ್ಲ. ಆಲದ ಬೆಡಗಿನ ಎರ್ರಿಯಪ್ಪ ಹುತ್ತದವರ ಮನೆಗೆ ಮನೆ ಅಳಿಯನಾಗಿ ಬಂದ. ಅವನ ಮಗ ದುರುಗಣ್ಣ. ದುರುಗಣ್ಣನ ಮಗ ಕಿರಣ್ ಕುಮಾರ್. ಮನೆಯ ಹೆಸರು ಅಜ್ಜಿಯ ಕಡೆಯಿಂದ ಬಂದದ್ದು, ಬೆಡಗು ಎರ್ರಿಯಪ್ಪನದು. ಹುತ್ತ ಬೇರೆ, ಆಲ ಬೇರೆ. ಧಾರಾಳವಾಗಿ ಮದುವೆಯಾಗಬಹುದಿತ್ತು. ಪಂಡಿತರು ಪಾಪ ತಾಯಿ ಕಡೆಯ ಒಂದು ಹೊತ್ತಿಗೆಯನ್ನಾದರೂ ನೋಡಿ ತಪ್ಪಿದ್ದರು. ಅವನು ಯಾವುದನ್ನೂ ನೋಡಿರಲಿಲ್ಲ. ಅಂದಿನಿಂದ ಕೈ ಅಂಟುವುದು ಶುರುವಾಗಿತ್ತು.

ಇವತ್ತು ಅವನು ಗಾಡಿ ನಿಲ್ಲಿಸುತ್ತಿದ್ದ ಹಾಗೆ ಕೇಂದ್ರದ ಅಂಗಳದಲ್ಲಿ ಹನುಮೇಶ್ ಬಿಳಿ ಕರಡಿಯ ಹಿಂದೆ ಬಗ್ಗಿ ನಿಂತು ಅಳುವವನಂತೆ ಕೂಗಿದ. "ಲಿಂಗರಾಜಾ, ಮಾನ ಹೋತಲೇ! ಬಿಸಲಿಗೆ ಬಣ್ಣ ಕಿತ್ಕೊಂಡೈತಿ ನೋಡು. ತಿಕದ ಮ್ಯಾಲೆ ಅಂಗೈ ಅಗಲ ಕರ‍್ರಗ ಕಾಣ್ತೈತಿ." ಲಿಂಗರಾಜ್ ನೋಡಿದ. ಬಿಳಿಯ ಸಿಪ್ಪೆ ಎದ್ದು ಒಳಗಿನ ಕಪ್ಪು ಕಾಣುತ್ತಿತ್ತು. "ಸರ, ಅದು ಸರಿನಽ ಐತಿ. ಬಿಳಿ ಕರಡಿ ಚರ್ಮ ಖರೇನಽ ಕರೇದು. ಕೂದ್ಲಕ್ಕೂ ಬಣ್ಣ ಇಲ್ಲ, ಗಾಜಿನ ನಳಿಗಿ ಇದ್ದಂಗ ಇರ್ತೈತಂತ. ಬೆಳಕಿಗೆ ಬೆಳ್ಳಗ ಕಾಣ್ತೈತಿ ಅಷ್ಟಽ." ಹನುಮೇಶ್ ಅವನ ಮುಖವನ್ನೇ ನೋಡಿದ. "ಬಣ್ಣ ಕಿತ್ತದ್ದಕ್ಕೂ ಒಂದು ಶಾಸ್ತ್ರ ಐತಿ ನಿನ್ತಲ್ಲಿ. ಒಟ್ನ್ಯಾಗ ನಿನ್ನ ಬಾಯಾಗ ಸುಳ್ಳು ಬರಂಗಿಲ್ಲ ನೋಡು, ಅದಽ ನನಗ ಧೈರ್ಯ." ಲಿಂಗರಾಜ್ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಬಿಟ್ಟ, ಅಂಟು ಹಾಗೇ ಇತ್ತು.

ಹನ್ನೊಂದು ಗಂಟೆಗೆ ಒಂದು ಮಿನಿ ಬಸ್ಸು ಬಂದು ನಿಂತಿತು. ಗಾದಿಗನೂರಿನ ಮಹಿಳಾ ಸಂಘದವರು, ಹಂಪಿ ನೋಡಿಕೊಂಡು, ಕರಡಿಗೂ ಒಂದು ಕೈ ಮುಗಿದು ಹೋಗೋಣವೆಂದು ಬಂದವರು. ಮೊದಲು ಇಳಿದದ್ದು ಎರ್ರೆಮ್ಮನ ಕೈಚೀಲ, ಆಮೇಲೆ ಎರ್ರೆಮ್ಮ. ಲಿಂಗರಾಜನಿಗೆ ಓಡಿಹೋಗಲು ಜಾಗವಿರಲಿಲ್ಲ. ಇದ್ದ ಮರೆಯೆಂದರೆ ಬಿಳಿ ಕರಡಿಯೊಂದೇ, ಅದರ ಹಿಂದೆ ಹನುಮೇಶ್ ಇದ್ದ. ಬಸ್ಸಿನ ಬೆನ್ನಿಗೆ ಒಂದು ಬೈಕು ಬಂತು. ಓಡಿಸುತ್ತಿದ್ದವನು ಎತ್ತರದ, ನಗುಮುಖದ ಹುಡುಗ, ಹಿಂದೆ ಕಾಲು ಅತ್ತಿತ್ತ ಹಾಕಿ ಕುಳಿತವಳು ಎರ್ರೆಮ್ಮನ ಮಗಳು ಸುಮಲತಾ. "ಏ ಹೆಳವಪ್ಪಾ! ನೀ ಇಲ್ಲಿ ಅದೀ ಏನು? ಅಂಗಿ ಮಸ್ತ್ ಐತಿ ಬಿಡು!" ಎಂದು ಎರ್ರೆಮ್ಮ ಅಷ್ಟು ದೂರದಿಂದಲೇ ಕೂಗಿದಳು. ಹತ್ತಿರ ಬಂದು ಆ ಹುಡುಗನ ರಟ್ಟೆ ಹಿಡಿದು ಮುಂದೆ ಎಳೆದಳು. "ಗುರುತು ಹಿಡಿದೇನು? ಕಂಪ್ಲಿ ದುರುಗಣ್ಣನ ಮಗ, ಕಿರಣ. ನಮ್ಮ ಸುಮಾನ ಅಣ್ಣ!"

ಅಣ್ಣ. ಲಿಂಗರಾಜ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನೀ ಅವತ್ತು ಹೇಳಿದ್ದಽ ಚೊಲೋ ಆತು ನೋಡಪ್ಪ" ಎಂದು ಎರ್ರೆಮ್ಮ ಬಿಸಿಲಲ್ಲೇ ನಿಂತು ಶುರುಮಾಡಿದಳು. "ನೋಡಾಕ ಬಂದವರು ಬಾಯಿ ಸಣ್ಣಗ ಮಾಡ್ಕೊಂಡು ಎದ್ದು ನಿಂತ್ರು. ನಾನಽ ಅಂದೆ, ಸೊಸಿ ಆಗದಿದ್ರ ಮಗಳು ಅಂತ ತಿಳ್ಕೊಳ್ರಿ, ಕುಂದ್ರಿ, ಉಂಡು ಹೋಗ್ರಿ ಅಂತ. ನನಗೂ ಗಂಡುಮಕ್ಕಳಿಲ್ಲ. ಇವನೂ ಈಕಿನೂ ತೋರಣಗಲ್ಲಿನ್ಯಾಗ ಒಂದಽ ಫ್ಯಾಕ್ಟರಿ, ಒಂದಽ ಶಿಫ್ಟು. ಇವ ಕ್ರೇನು, ಈಕಿ ಲ್ಯಾಬು. ಮುಂಜಾನೆ ಗಾಡಿ ತಂದು ಮನಿ ಮುಂದ ನಿಂದ್ರಿಸ್ತಾನ, ಸಂಜಿಗೆ ತಂದು ಬಿಡ್ತಾನ. ಕಂಪನಿ ಬಸ್ಸಿನ ರಗಳಿ ತಪ್ತು. ಅಣ್ಣ ತಂಗಿ ಅಂದ ಮ್ಯಾಲೆ ಊರಾಗ ಯಾರು ಏನಂತಾರ? ಹಿಂದಿನ ಭಾನುವಾರ ಡ್ಯಾಮಿಗೆ ಹೋಗಿ ಗಾರ್ಡನ್ನು ನೋಡ್ಕೊಂಡು ಬಂದ್ರು. ಪಾಪ, ತಂಗಿಗೆ ಬಳಿ ಕೊಡಿಸ್ಯಾನ." ಕಿರಣ ನೆಲ ನೋಡುತ್ತಿದ್ದ. ಸುಮಲತಾ ನೆಲ ನೋಡುತ್ತಿರಲಿಲ್ಲ, ನೆಟ್ಟಗೆ ಲಿಂಗರಾಜನನ್ನೇ ನೋಡುತ್ತಿದ್ದಳು, ಹುಬ್ಬು ಒಂಚೂರು ಮೇಲೆ. ಆ ನೋಟದಲ್ಲಿ ಶಾಪವಿದೆ ಎಂದು ಅವನಿಗೆ ಖಾತ್ರಿಯಾಯಿತು. ನನ್ನ ಬಾಳನ್ನು ಹತ್ತು ಸೆಕೆಂಡಿಗೆ ಮುಗಿಸಿದವ ನೀನೇ ಅಲ್ಲವೇ ಎನ್ನುವ ಹಾಗೆ. ಪ್ರೀತಿಸಬೇಕಾದವನನ್ನು ಅಣ್ಣ ಎಂದು ಕರೆಯುತ್ತಾ ದಿನಾ ಮೂವತ್ತು ಕಿಲೋಮೀಟರು ಅವನ ಬೆನ್ನು ನೋಡಿಕೊಂಡು ಹೋಗುವುದೆಂದರೇನು! ಅವನಿಗೆ ಅಳು ಬಂದ ಹಾಗಾಯಿತು. "ಬರೋ ಗುರುವಾರ ಸಂಡೂರಿನವರು ಈಕಿನ್ನ ನೋಡಾಕ ಬರ್ತಾರಪ್ಪ" ಎಂದು ಎರ್ರೆಮ್ಮ ದನಿ ತಗ್ಗಿಸಿದಳು. "ಬ್ಯಾಂಕಿನ್ಯಾಗ ಅದಾನ ಹುಡುಗ. ಅವರ ಬೆಡಗೂ ಒಂಚೂರು ನೋಡಿ ಹೇಳೀ ಅಂತ. ನಿನ್ನ ಮಾತು ಅಂದ್ರ ಮಾತು."

ಗುರುವಾರ. ನಡುವೆ ಮೂರೇ ದಿನ. ಹೇಳಿದರೆ ಅಪ್ಪನ ಹೊತ್ತಿಗೆಯನ್ನು ಇನ್ನು ಯಾರು ನಂಬುತ್ತಾರೆ? ನಾನೂರು ಮನೆ ಒಕ್ಕಲು. ಒಂದು ತಪ್ಪಿದ್ದರೆ ಇನ್ನೆಷ್ಟು ತಪ್ಪಿವೆಯೋ ಎಂದು ನಾನೂರು ಮನೆಯವರೂ ತಮ್ಮ ತಮ್ಮ ಹೆಂಡಿರನ್ನು ಅನುಮಾನದಿಂದ ನೋಡಲು ಶುರುಮಾಡುತ್ತಾರೆ. ಹೇಳದಿದ್ದರೆ ಸಂಡೂರಿನ ಬ್ಯಾಂಕಿನವನು ಗುರುವಾರ ಬಂದು ಚೂಡಾ ತಿಂದು, ಹೂಂ ಎಂದು ಹೋಗುತ್ತಾನೆ. ಹನುಮೇಶ್ ಕರಡಿಯ ಹಿಂದಿನಿಂದ ಬಂದು, "ಶುರು ಮಾಡು" ಎಂದು ಬೆನ್ನಿಗೆ ತಿವಿದ.

ಶುರುಮಾಡಿದ. ಬೇರೆ ರೀತಿ ಹೇಳಲು ಅವನಿಗೆ ಬರುತ್ತಿರಲಿಲ್ಲ, ಅಪ್ಪನ ಧಾಟಿಯೇ ಬಂತು. ಎಡಗೈ ಕಿವಿಗೆ ಹಚ್ಚಿ, ಬಲಗೈ ಮುಂದೆ ಚಾಚಿ, "ಕೇಳ್ರವ್ವಾ ಕೇಳ್ರಿ, ಒಂಬತ್ತು ಅಡಿ ಒಡೆಯನ ವಂಶ ಹೇಳ್ತೀನಿ ಕೇಳ್ರಿ" ಎಂದು ಎತ್ತಿದ್ದೇ ತಡ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕುಳಿತುಬಿಟ್ಟರು, ಮನೆಯ ಮುಂದೆ ಕೂರುವ ಹಾಗೆಯೇ. ದೊಡ್ಡಪ್ಪನ ಪಾಲು ಬಂತು, ಕರಿಯ ಕರಡಿ, ಗೆದ್ದಲು ತಿನ್ನುವವ, ಬೆಲ್ಲ ನೆಕ್ಕುವವ. ಕಂದು ಕರಡಿಯ ಮನೆ ಬಂತು. ಬಡಗಲಿಗೆ ಹೊರಟ ಗುಂಪು ಬಂತು. ಸೀಲಿನ ಕೊಬ್ಬಿನ ಊಟ ಬಂದಾಗ ಒಬ್ಬಾಕೆ, "ಅಯ್ಯ, ಅಲ್ಲಿ ಜ್ವಾಳಾ ಬೆಳಿಯಂಗಿಲ್ಲೇನು?" ಎಂದು ಮರುಗಿದಳು. ಚರ್ಮ ಕಪ್ಪು ಎಂದು ಹೇಳಿ ಕರಡಿಯ ಹಿಂಬದಿಯನ್ನು ತೋರಿಸಿದಾಗ ಎಲ್ಲರೂ ಎದ್ದು ಸರತಿಯಲ್ಲಿ ಹೋಗಿ ಮುಟ್ಟಿ ನೋಡಿಬಂದರು. ಹನುಮೇಶ್ ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದ. "ಅಲ್ಲಪ್ಪ," ಎಂದಳು ಎರ್ರೆಮ್ಮ ವಾಪಸು ಬಂದು ಕುಳಿತು, "ಬಿಳೇದು, ಕಂದು, ಇವೆರಡರದು ಒಂದಽ ಬೆಡಗೋ, ಬ್ಯಾರೆ ಬೆಡಗೋ? ಅದನ್ನ ಹೇಳವಲ್ಲಿ." ಎಲ್ಲರೂ, ಹೌದು, ಅದನ್ನ ಹೇಳು, ಎಂದರು.

ಅವನು ದ್ವೀಪದ ಕಥೆಗೆ ಬಂದ. ಹಿಮ ಕರಗಿದ್ದು, ಬಿಳಿಯ ಹೆಣ್ಣುಗಳು ಸಿಕ್ಕಿಬಿದ್ದದ್ದು, ನೀರು ದಾಟಿ ಕಂದು ಗಂಡು ಬಂದದ್ದು. ಕಾಲು ತನ್ನಷ್ಟಕ್ಕೆ ಹರಿಗೋಲಿನಂತೆ ಒಂದು ಸುತ್ತು ತಿರುಗಿತು, ಅಪ್ಪ ತಿರುಗುತ್ತಿದ್ದ ಹಾಗೆ. ತಿರುಗಿ ನಿಂತಾಗ ಎದುರಿಗೆ ಕಿರಣ. "ಪಂಡಿತರು ತಾಯಿ ಕಡೆದು ಅಷ್ಟಽ ನೋಡಿದ್ರು. ಒಂದಽ ಬೆಡಗು, ಅಣ್ಣ ತಮ್ಮ, ನಿನ್ನೆ ಮೊನ್ನೆ ಬ್ಯಾರೆ ಆದವರು ಅಂದ್ರು. ತಪ್ಪಾಗಿತ್ತು. ಆಮ್ಯಾಲೆ ಎಲ್ಡೂ ಕಡೆದು ಪೂರ್ತಿ ಹೊತ್ತಿಗಿ ತೆಗೆದು ನೋಡಿದ್ರು. ತಪ್ಪಾಗಿತ್ತು ಅಂತ ತಾವಽ ಅಚ್ಚು ಹಾಕಿಸಿ ಊರಿಗೆಲ್ಲ ಹೇಳಿದ್ರು. ದೊಡ್ಡ ದೊಡ್ಡ ಪಂಡಿತರು, ಅಮ್ಮಾ. ಹೇಳಿದ್ರೂ ಅವರಿಗೆ ಏನೂ ಆಗಲಿಲ್ಲ. ಆರಾಮ ಅದಾರ." ಧಾಟಿ ಎಲ್ಲಿ ಮುಗಿಯಿತೋ, ಬರೀ ಮಾತು ಎಲ್ಲಿ ಶುರುವಾಯಿತೋ ಅವನಿಗೇ ತಿಳಿಯಲಿಲ್ಲ. "ನಂದೂ ತಪ್ಪಾಗೈತಿ, ಎರ್ರೆಮ್ಮಕ್ಕಾ. ನೀವು ಫೋನ್ ಮಾಡಿದಾಗ ನಾನು ಗುಡ್ಡದಾಗ ಕರಡಿಗೆ ಬೆಲ್ಲ ಮೆತ್ತಾಕತ್ತಿದ್ದೆ. ಕೈಯೆಲ್ಲ ಬೆಲ್ಲ. ಹೊತ್ತಿಗಿ ನೋಡಲಿಲ್ಲ, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಕಂಪ್ಲಿ ಮನಿ ಹೆಸರು ಮಾತ್ರ ಹುತ್ತದ್ದು. ಇವರಜ್ಜ ಎರ್ರಿಯಪ್ಪ ಹೊಳಿ ದಾಟಿ ಬಂದ ಮನಿ ಅಳಿಯ, ಆಲದ ಬೆಡಗು. ನಿಮ್ದು ಬ್ಯಾರೆ, ಅವರ್ದು ಬ್ಯಾರೆ. ಇವರಿಬ್ರೂ ಅಣ್ಣ ತಂಗಿ ಅಲ್ಲ."

ಅವನು ತಲೆ ತಗ್ಗಿಸಿ ಕಾದ, ಅಪ್ಪನ ಹೆಸರು ಹಿಡಿದು ಬೈಗುಳ ಬರುತ್ತದೆ, ಚಪ್ಪಲಿಯೂ ಬರಬಹುದು ಎಂದು. ಬಂದದ್ದು ಎರ್ರೆಮ್ಮನ ಕಿರುಚಾಟ, ಆದರೆ ಅದು ಅವನ ತಲೆಯ ಮೇಲಿಂದ ಹಾದುಹೋಯಿತು. "ಹಂಗಾದ್ರ ಇವ್ರಿಬ್ರು ಆರು ತಿಂಗಳಿಂದ ಒಂದಽ ಗಾಡಿಮ್ಯಾಲೆ ಓಡಾಡ್ಯಾರಲ್ಲೋ! ಏನಲೇ ಕಿರಣ್ಯಾ, ಡ್ಯಾಮಿನ ಮ್ಯಾಲೆ ಯಾವ ಸಂಬಂಧದಾಗ ನಿಂತಿದ್ರಿ ನೀವು?" ಕಿರಣ, "ಅತ್ತೀ..." ಎಂದು ಬಾಯಿಬಿಟ್ಟ. ಆರು ತಿಂಗಳು ದೊಡ್ಡಮ್ಮ ಎನ್ನುತ್ತಿದ್ದವನ ಬಾಯಿಂದ ಅತ್ತೆ ಎಂಬ ಮಾತು ಅಷ್ಟು ಸಲೀಸಾಗಿ ಜಾರಿದ್ದು ಕೇಳಿ ಸಂಘದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕರು. "ಅತ್ತಿ ಅಂತ! ಕಲಿಸಿ ತಯಾರು ಮಾಡ್ಯಾರಲ್ಲವ್ವಾ!" ಎಂದು ಎರ್ರೆಮ್ಮ ಮಗಳನ್ನು ಕೈಹಿಡಿದು ಬೈಕಿನ ಹತ್ತಿರದಿಂದ ಎಳೆದು ಬಸ್ಸಿನ ಕಡೆ ನೂಕಿದಳು. "ಇವತ್ತಿನಿಂದ ನೀ ಕಂಪನಿ ಬಸ್ಸು. ತಾಳಿ ಬೀಳೋ ತನಕ ಆ ಗಾಡಿ ಸೀಟು ಮುಟ್ಟಿದ್ರ ಕಾಲು ಮುರಿತೀನಿ." ಹನುಮೇಶ್ ಮೆಲ್ಲಗೆ ಹತ್ತಿರ ಬಂದು, "ಇದೂ ಕಾರ್ಯಕ್ರಮದಾಗ ಐತೇನಲೇ?" ಎಂದು ಕಿವಿಯಲ್ಲಿ ಕೇಳಿದ.

ಲಿಂಗರಾಜ್ ನಲ್ಲಿಯ ಕಡೆ ನಡೆದ. ಬಾಟಲಿಗೆ ನೀರು ತುಂಬಿಕೊಳ್ಳುವ ನೆವದಲ್ಲಿ ಸುಮಲತಾ ಹಿಂದೆಯೇ ಬಂದಳು. ಕೃತಜ್ಞತೆಯ ಮಾತು ಬಂದರೆ ಏನು ಹೇಳಬೇಕೆಂದು ಅವನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವಾಗ ಅವಳು, "ಲಿಂಗರಾಜಣ್ಣಾ, ನಿಮಗ ಇದನ್ನೆಲ್ಲ ಈಗಽ ಹೇಳಂತ ಯಾರು ಹೇಳಿದ್ರು?" ಎಂದಳು. ಅವನಿಗೆ ಅರ್ಥವಾಗಲಿಲ್ಲ. "ನಾ ಪಿಯುಸಿ ಓದುವಾಗ ನಿಮ್ಮಪ್ಪ ನಮ್ಮನಿ ಮುಂದ ನಿಂತು ಹಾಡಿದ್ದು ನನ್ನ ಫೋನಿನ್ಯಾಗ ಐತಿ. ಕಂಪ್ಲಿ ಮನಿ ಅಳಿಯನ ಕಥಿನೂ ನಗಿಸಾಕ ಅಂತ ಹೇಳಿದ್ರು, ಹರಿಗೋಲು ತಿರುಗಿದ್ದೂ ಐತಿ. ನೀವು ಬ್ಯಾಡ ಅಂದ ವಾರಾನಽ ಕೇಳಿ ನೋಡಿದ್ದೆ." "ಗೊತ್ತಿತ್ತಾ? ಮತ್ತ ಸುಮ್ನ ಯಾಕಿದ್ದಿ ತಾಯೀ?" "ಹೇಳಿದ್ರ ಹದಿನೈದು ದಿನದಾಗ ಲಗ್ನ ಮಾಡಿ ಕಳಿಸ್ತಿದ್ರು. ಮನುಷ್ಯ ಎಂಥಾವ ಅಂತ ನೋಡಬೇಕಿತ್ತು. ಅಣ್ಣ ಅಂತ ಅಂದ್ರ ಎಲ್ಲಿ ಬೇಕಾದಲ್ಲಿ ಹೋಗಾಕ ಬಿಡ್ತಾರ. ಸಿಟ್ಟು ಬಂದ್ರ ಹೆಂಗಿರ್ತಾನ, ಹೋಟ್ಲಿನ ಹುಡುಗರ ಕೂಡ ಹೆಂಗ ಮಾತಾಡ್ತಾನ, ಗಾಡಿ ಪಂಚರ್ ಆದ್ರ ಯಾರಿಗೆ ಬೈತಾನ, ಎಲ್ಲ ನೋಡಾಕತ್ತಿದ್ದೆ. ಸಂಡೂರಿನವರಿಗೂ ಏನರ ಒಂದು ಹೇಳಿ ಕಳಿಸ್ತಿದ್ದೆ. ಇನ್ನೊಂದೆಲ್ಡು ತಿಂಗಳು ತಡೀಬೇಕಿತ್ತು ನೀವು." ಲಿಂಗರಾಜ್ ಒದ್ದೆ ಕೈಯಲ್ಲೇ ನಿಂತಿದ್ದ. ಮೂರು ವಾರದ ಸಂಕಟ, ಶಾಪದ ನೋಟ, ಅಂಟು, ಎಲ್ಲ ಒಂದೇ ಸಲಕ್ಕೆ ಎಲ್ಲಿಗೋ ಹೋಗಿ ತಾನು ಬರೀ ಒಂದು ಹಸಿರು ಟೀ ಶರ್ಟಾಗಿ ಉಳಿದ ಹಾಗೆನ್ನಿಸಿತು. "ಮತ್ತ... ಪಾಸ್ ಆದನೇನು ಹುಡುಗ?" ಎಂದು ಮೆಲ್ಲಗೆ ಕೇಳಿದ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಅಂಗಳದ ಕಡೆ ನೋಡಿದಳು. ಅಲ್ಲಿ ಕಿರಣ ಹೆಂಗಸರ ನಡುವೆ ಸಿಕ್ಕಿಕೊಂಡು, ಬೈಗುಳ ತಿನ್ನುತ್ತಲೇ, ಎರ್ರೆಮ್ಮನ ಕೈಚೀಲವನ್ನು ಬಿಸಿಲಿಂದ ಎತ್ತಿ ಕರಡಿಯ ನೆರಳಿಗೆ ಇಡುತ್ತಿದ್ದ. "ಪಂಚರಿಗೆ ಯಾರಿಗೂ ಬೈಲಿಲ್ಲ" ಎಂದು ಹೇಳಿ ನಗು ತಡೆದುಕೊಂಡು ಹೋದಳು.

"ಹೆಳವಪ್ಪಾ!" ಎರ್ರೆಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬಂತು, ಈಗ ಬಂತು ಎಂದು ಅವನು ಹತ್ತಿರ ಹೋದ. "ಸಂಡೂರಿನವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡ್ತೀನಿ. ಗುರುವಾರ ದುರುಗಣ್ಣನವರನ್ನ ಕರಿಸ್ತೀನಿ. ನೀನೂ ಬಾ. ಎತ್ತಿಲ್ಲಂದ್ರ ನಿನ್ನ ಗಾಡಿಮ್ಯಾಲಾರ ಬಾ. ಹೊತ್ತಿಗಿ ತಗೊಂಡು ಬಂದು ಮನಿ ಮುಂದ ನಿಂತು ನಾಲ್ಕು ಮಂದಿಗೆ ಕೇಳಂಗ ಓದಬೇಕು. ಬಾಯಾಗಿನಿಂದ ಅಲ್ಲ, ಹೊತ್ತಿಗಿ ಒಳಗಿನಿಂದ." ಅವನು ತಲೆಯಾಡಿಸಿದ. ಅವನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳ ಕಡೆ ಅವಳ ಕಣ್ಣು ಹೋಯಿತು. ಕೈಚೀಲದಿಂದ ಏನೋ ಹುಡುಕಿ ತೆಗೆದು ಅವನ ಕೈಗೆ ತುರುಕಿದಳು. ಬಸ್ಸು ಹೊರಟುಹೋದ ಮೇಲೆ ಮುಷ್ಟಿ ಬಿಚ್ಚಿ ನೋಡಿದ. ಹಂಪಿಯ ಹೋಟೆಲಿನಿಂದ ಎತ್ತಿಕೊಂಡು ಬಂದಿದ್ದಿರಬೇಕು, ಕಾಗದ ಸುತ್ತಿದ ಒಂದು ಪುಟ್ಟ ಸೋಪು.